ಬಾರ್ಲಿ ಇಲ್ಲದ ಊರಿನ ಬ್ಯಾರನ್ನು

ಅವತ್ತು ಬೆಳಿಗ್ಗೆಯೂ ಎಂದಿನಂತೆ ಮೊದಲು ಎದ್ದವರು ನಮ್ಮ ಅತ್ತೆ. ಅವರು ಹಿತ್ತಿಲ ಬಾಗಿಲ ಚಿಲಕ ಸರಿಸುವ ಸದ್ದೇ ನನಗೆ ಅಲಾರಾಂ. ಎದ್ದು ಹಾಲು ಕಾಯಲಿಟ್ಟೆ, ಫಿಲ್ಟರಿನ ತಲೆಗೆ ಎರಡು ಏಟು ಕೊಟ್ಟು ಡಿಕಾಕ್ಷನ್ ಇಳಿಸಿದೆ, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಯಜಮಾನರು ಅಂಗಡಿಯ ಬೀಗದ ಕೈ ಹುಡುಕುತ್ತಿದ್ದರು; ಅದು ಎಂದಿನಂತೆ ಅವರ ಜೇಬಿನಲ್ಲೇ ಇತ್ತು. ನಾನು ಚಪಾತಿ ಸುತ್ತಿ ಬುತ್ತಿ ಕಟ್ಟುತ್ತಿದ್ದಾಗ ಅತ್ತೆ ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು.

"ಸೀರೆ ಯಾವ್ದು ಉಡ್ತೀಯ?"

"ಈ ನೀಲಿ ವಾಯ್ಲು."

"ಬೆಂಕಿ ಮುಂದೆ ಕೂರಕ್ಕೆ ವಾಯ್ಲಾ? ಚೆನ್ನಾಗದೆ. ಹತ್ತೀದು ಉಟ್ಕೊ. ಸೆರಗು ಸೊಂಟಕ್ಕೆ ಸಿಕ್ಕುಸ್ಕೊ. ನಿಮ್ಮ ಕಾನ್ವೆಂಟಲ್ಲಿ ಇದನ್ನೆಲ್ಲಾ ಹೇಳ್ಕೊಡಲ್ಲ."

ಇಂಗ್ಲಿಷ್ ಪಾಠ ಹೇಳುವ ಹೆಂಗಸಿನ ಕೆಲಸದ ದಿನ ಹೀಗೂ ಶುರುವಾಗುತ್ತದೆ. ಹುಣಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ವರ್ಷಾನುಗಟ್ಟಲೆ ಟ್ಯೂಷನ್ ಹೇಳಿ, ಕಣ್ಣು ಸೋತ ಮೇಲೆ ನಿಲ್ಲಿಸಿದೆ. ಈಗಲೂ ಹೊಸದಾಗಿ ಟ್ಯೂಷನ್ ಶುರುಮಾಡುವ ಹುಡುಗಿಯರು ಬಂದು, "ಆಂಟಿ, ಯಾವ ಗ್ರಾಮರ್ ಪುಸ್ತಕ ಒಳ್ಳೇದು?" ಎಂದು ಕೇಳುತ್ತಾರೆ. ಪುಸ್ತಕದ ಹೆಸರು ಹೇಳಿ ಕಳಿಸುತ್ತೇನೆ. ಹೇಳಬೇಕಾದದ್ದು ಮಾತ್ರ ಬಾಯಲ್ಲೇ ಉಳಿಯುತ್ತದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಗ್ರಾಮರಿನ ವಿಷಯವಲ್ಲ, ಒಂದೇ ಒಂದು ಪದ ನನ್ನಿಂದ ಏನೇನು ಕೆಲಸ ಮಾಡಿಸಿತು ಎನ್ನುವ ವಿಷಯ.

ನಾನು ಮದುವೆಯಾಗಿ ಬಂದಾಗ ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಯಜಮಾನರದು ಪೇಟೆಯಲ್ಲಿ ಅಂಗಡಿ: ಹೊಗೆಸೊಪ್ಪು ಬೆಳೆಯುವವರಿಗೆ ಬೇಕಾದ ಹುರಿದಾರ, ತಗಡಿನ ಪೈಪು, ಥರ್ಮಾಮೀಟರು. ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮನವರು ದಿನಾ ಸಂಜೆ ಕರಿಬೇವು ಕೀಳಲು ನಮ್ಮ ಹಿತ್ತಿಲಿಗೆ ಬರುವರು. ಸೊಪ್ಪಿಗಿಂತ ಸುದ್ದಿಯನ್ನೇ ಹೆಚ್ಚು ಕಿತ್ತುಕೊಂಡು ಹೋಗುವರು. "ಸೊಸೆ ಇಂಗ್ಲೀಸ್ ಓದವ್ಳೆ, ಸುಮ್ನೆ ಕೂರ್ಸಿದ್ದೀರಲ್ಲ" ಎಂದು ಅತ್ತೆಗೆ ಹೇಳಿದವರೂ ಅವರೇ. ಅಲ್ಲಿಗೆ ನನಗೆ ಕೆಲಸ ಸಿಕ್ಕಿತು. ಮೇಲಧಿಕಾರಿ ನಮ್ಮ ಅತ್ತೆ. ದೀಪ ಹಚ್ಚುವ ಹೊತ್ತಿಗೆ ಪಾಠ ಮುಗಿಯಬೇಕು, ಮಕ್ಕಳು ಕಾಲು ತೊಳೆದು ಬರಬೇಕು, ಯಾವ ಮಗುವನ್ನೂ ದಡ್ಡ ಅನ್ನಬಾರದು. ಈ ಮೂರನೆಯದನ್ನು ಯಾವ ಟ್ರೇನಿಂಗಿನಲ್ಲೂ ಇಷ್ಟು ಚೊಕ್ಕಟವಾಗಿ ಹೇಳುವುದಿಲ್ಲ.

ಮೊದಲ ಫಜೀತಿ ಮೊದಲ ವಾರವೇ ಆಯಿತು. ನನ್ನ ಬಾಲ್ಯದ ಚಿತ್ರದ ಕಾರ್ಡುಗಳನ್ನು ಜೋಪಾನವಾಗಿ ತಂದಿಟ್ಟುಕೊಂಡಿದ್ದೆ. ಬಿ ಅಕ್ಷರಕ್ಕೆ ಬಾರ್ನ್. ಕೆಂಪು ಬಣ್ಣದ ದೊಡ್ಡ ಮರದ ಮನೆ, ಅಗಲವಾಗಿ ತೆರೆದ ಬಾಗಿಲು, ಒಳಗಿಂದ ಇಣುಕುವ ಹಸು, ಕುದುರೆ, ಹುಲ್ಲಿನ ಮೆದೆ. "ದಿಸ್ ಈಸ್ ಎ ಬಾರ್ನ್. ದ ಕೌ ಲಿವ್ಸ್ ಇನ್ ದ ಬಾರ್ನ್" ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಕಡೆಗೆ ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಹಸೀನ ಬ್ಯಾರನ್ನೊಳಕ್ಕೆ ಕಟ್ಟುದ್ರೆ ಬೆಂದೋಯ್ತದೆ!" ಅಂದಳು. ಪಡಸಾಲೆ ಬಿದ್ದು ಬಿದ್ದು ನಕ್ಕಿತು. ದೇವರ ಮನೆಯಿಂದ ಅತ್ತೆಯ ದನಿ ಬಂತು: "ಅವ್ಳು ಹೇಳ್ತಿರೋದು ಸರಿ ಕಣಮ್ಮ."

ಹುಣಸೂರು, ಪಿರಿಯಾಪಟ್ಟಣದ ಕಡೆ ಹುಟ್ಟಿದ ಮಗುವಿಗೆ ಬ್ಯಾರನ್ನು ಏನೆಂದು ಹೇಳಿಕೊಡಬೇಕಾಗಿಲ್ಲ. ಅದು ಹೊಲದ ಮಗ್ಗುಲಲ್ಲಿ ನಿಂತ, ಕಿಟಕಿ ಇಲ್ಲದ ಎತ್ತರದ ಮನೆ. ಹೊರಗಡೆ ಒಲೆಯ ಬಾಯಿ. ಅದರ ಬಿಸಿ ತಗಡಿನ ಪೈಪಿನಲ್ಲಿ ಒಳಗೆಲ್ಲ ಸುತ್ತಿ ಮೇಲಿನ ಕೊಳವೆಯಿಂದ ಹೊಗೆಯಾಗಿ ಹೋಗುತ್ತದೆ. ಒಳಗೆ ಗಳುಗಳ ಮೇಲೆ ಸಾಲು ಸಾಲಾಗಿ, ಕಡ್ಡಿಗೆ ಹುರಿದಾರದಿಂದ ಕಟ್ಟಿದ ಹಸಿರು ಹೊಗೆಸೊಪ್ಪು. ಬೆಂಕಿ ಹಾಕಿ ದಿನಗಟ್ಟಲೆ ಕಾಯ್ದರೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ ಒಣಗುತ್ತದೆ. ನಡುವೆ ಬಾಗಿಲು ತೆರೆದರೆ ಬಣ್ಣ ಕೆಡುತ್ತದೆ. ಮದುವೆಯಾಗಿ ಬಂದವಳು ಇದನ್ನೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಇಟ್ಟಿಗೆ ಸುಡುವ ಗೂಡಿರಬೇಕು ಅಂದುಕೊಂಡಿದ್ದೆ.

ಅವತ್ತು ರಾತ್ರಿಯ ಊಟಕ್ಕೆ ಮುಂಚೆ ಯಜಮಾನರ ಮುಂದೆ ಕಾರ್ಡು ಹಿಡಿದು ಜಗಳವನ್ನೇ ಆಡಿದೆ. ಅವರು ಮುಂದಿನ ಸಲ ಮೈಸೂರಿಗೆ ಹೋದಾಗ ಹಳೆ ಪುಸ್ತಕದ ಅಂಗಡಿಯಿಂದ ಬೆನ್ನು ಹರಿದ ಒಂದು ದಪ್ಪ ಡಿಕ್ಷನರಿ ತಂದು, "ಇದ್ರ ಜೊತೆ ಜಗಳ ಆಡು" ಎಂದು ಕೊಟ್ಟರು. ಆ ಪುಟ ತೆರೆದಾಗಿನ ನನ್ನ ಸಂತೋಷವನ್ನು ಈಗಲೂ ಮರೆತಿಲ್ಲ. ಬಹಳ ಹಳೆಯ ಇಂಗ್ಲಿಷಿನಲ್ಲಿ ‘ಬೆರೆ’ ಅಂದರೆ ಬಾರ್ಲಿ, ‘ಅರ್ನ್’ ಅಂದರೆ ಮನೆಯಂತೆ. ಎರಡೂ ಸೇರಿ, ಜನರ ಬಾಯಲ್ಲಿ ನುರಿದು ನುರಿದು ಬಾರ್ನ್ ಆಯಿತಂತೆ. ಅಂದರೆ ಬಾರ್ಲಿಯ ಮನೆ. ಹಸುವೂ ಇಲ್ಲ, ಕುದುರೆಯೂ ಇಲ್ಲ, ಬೆಂಕಿಯಂತೂ ಇಲ್ಲವೇ ಇಲ್ಲ. ಹಸು ಕುದುರೆ ನುಗ್ಗಿದ್ದು ಆಮೇಲೆ. ಸಮುದ್ರ ದಾಟಿ ಅಮೆರಿಕಕ್ಕೆ ಹೋದಮೇಲೆ ಟ್ರಾಮುಗಾಡಿ ನಿಲ್ಲಿಸುವ ಶೆಡ್ಡಿಗೂ ಅದೇ ಹೆಸರು. ಹೊಗೆಸೊಪ್ಪಿನ ಜೊತೆ ಆ ಪದ ನಮ್ಮ ಕಡೆಗೆ ಬಂತು. ನಾವು ಅದರ ಬುಡಕ್ಕೆ ಸೌದೆ ಇಟ್ಟು ಬ್ಯಾರನ್ನು ಮಾಡಿಕೊಂಡೆವು. ಎಷ್ಟೋ ವರ್ಷ ಆದಮೇಲೆ, ನನ್ನ ಹತ್ತಿರ ಓದಿ ಮೈಸೂರಿನಲ್ಲಿ ಬಿ.ಎಸ್ಸಿ. ಮಾಡುತ್ತಿದ್ದ ಹುಡುಗಿ ಬಂದು, ಅಣುವಿನ ಒಳಗಿನ ಕಣ್ಣಿಗೇ ಕಾಣದ ಜಾಗ ಅಳೆಯಲು ವಿಜ್ಞಾನಿಗಳು ಇಟ್ಟುಕೊಂಡ ಅಳತೆಗೂ ಬಾರ್ನ್ ಅನ್ನುತ್ತಾರೆ ಎಂದು ಹೇಳಿದಳು. ಅವರ ಪಾಲಿಗೆ ಅಷ್ಟು ಸಣ್ಣದೂ ಬ್ಯಾರನ್ನಿನ ಬಾಗಿಲಷ್ಟು ದೊಡ್ಡದಂತೆ. ನಾನು ಅವಳಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ.

ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಈ ಪದವನ್ನು ಬಳಸುತ್ತಿದ್ದದ್ದು ಬೈಯುವುದಕ್ಕೆ. ಯಾರಾದರೂ ಕ್ಲಾಸಿನ ಬಾಗಿಲು ತೆರೆದಿಟ್ಟು ಬಂದರೆ ಕನ್ನಡಕದ ಮೇಲಿಂದ ನೋಡಿ, "ಬಾರ್ನಿನಲ್ಲಿ ಹುಟ್ಟಿದೆಯೇನೇ?" ಅನ್ನುವರು. ಅವರ ಊರಿನ ಬಾರ್ನಿಗೆ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು ಕಾಣುತ್ತದೆ. ನಮ್ಮದಕ್ಕೆ ಬಾಗಿಲು ಮುಚ್ಚಿರುವುದೇ ಜೀವ.

ಆ ಫಜೀತಿಯ ನಂತರ ನನ್ನ ಪಾಠದ ಕ್ರಮ ತಿರುವುಮುರುವಾಯಿತು. ಕಾರ್ಡು ಮೊದಲು ತೋರಿಸುವುದನ್ನು ಬಿಟ್ಟೆ. ಯಾವ ಪದ ಬಂದರೂ, "ಇದನ್ನ ನೀವು ಎಲ್ಲಿ ನೋಡಿದ್ದೀರಿ?" ಎಂದು ಮೊದಲು ಮಕ್ಕಳನ್ನೇ ಕೇಳುತ್ತಿದ್ದೆ. ಬ್ಯಾರನ್ನು ಎಂದರೆ ಗೌಡರ ಮನೆಯ ಮಗುವಿಗೆ, "ನಮ್ದು, ಎರಡವೆ." ಕೋಟೆ ತಾಲ್ಲೂಕಿನ ಕಡೆಯಿಂದ ಕೂಲಿಗೆ ಬಂದವರ ಮಗಳಿಗೆ, "ಅಮ್ಮ ಇರೋ ಜಾಗ." ಸಾಲಿಗ್ರಾಮದಿಂದ ಅಜ್ಜಿಯ ಮನೆಗೆ ಬಂದಿದ್ದ ಹುಡುಗಿಗೆ, "ಗೊತ್ತಿಲ್ಲ ಮಿಸ್, ನಮ್ ಕಡೆ ಬರೀ ಗದ್ದೆ, ಕಣಜ." ಡಿಕ್ಷನರಿಯಲ್ಲಿ ಇಷ್ಟು ಅರ್ಥಗಳಿರಲಿಲ್ಲ.

ಇನ್ನು ಗಿರಿಜೆಯ ವಿಷಯ. ಹಾರನಹಳ್ಳಿ ಹೋಬಳಿಯ ಒಂದು ಸಣ್ಣ ಊರಿನ ಸೊಸೆ. ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿ: ಕಸ ಗುಡಿಸುವುದು, ಮಕ್ಕಳಿಗೆ ಬೇಯಿಸಿ ಹಾಕುವುದು. ಹತ್ತನೆಯ ತರಗತಿಯಲ್ಲಿ ಇಂಗ್ಲಿಷೊಂದು ಬಿಟ್ಟು ಎಲ್ಲ ಪಾಸು. ಅಲ್ಲಿನ ಟೀಚರು ವಯಸ್ಸಾಗಿ ಬಿಡುವವರಿದ್ದರು. ಆ ಅಕ್ಟೋಬರಿನ ಪರೀಕ್ಷೆಯಲ್ಲಿ ಇಂಗ್ಲಿಷ್ ಪಾಸಾದರೆ ಆ ಜಾಗ ಗಿರಿಜೆಗೆ. ಇಲ್ಲದಿದ್ದರೆ ಬೇರೆ ಊರಿನಿಂದ ಯಾರೋ ಬರುತ್ತಾರೆ, ಇವಳು ಜೀವಮಾನವಿಡೀ ಅವರ ಪಾತ್ರೆ ತೊಳೆಯಬೇಕು. ನಮ್ಮ ಅಂಗಡಿಗೆ ಹುರಿದಾರ ಕೊಳ್ಳಲು ಬಂದವಳು ಯಜಮಾನರನ್ನು ಕೇಳಿಕೊಂಡು ಮನೆಗೆ ಬಂದಳು. ಭಾನುವಾರ ಭಾನುವಾರ ಬಸ್ಸಿನಲ್ಲಿ ಬಂದು, ಮೂರನೇ ಕ್ಲಾಸಿನ ಮಕ್ಕಳ ಪಕ್ಕದಲ್ಲಿ ಕಾಲು ಮಡಿಸಿ ಕೂತು, ನಾಚಿಕೆ ಇಲ್ಲದೆ ಓದುವಳು. ಅಕ್ಷರ ಮಾತ್ರ ಕಾಗೆ ಕಾಲು. ಸಣ್ಣ ಮಕ್ಕಳಿಗೆ ಮಾಡಿದ ಹಾಗೆ ಅವಳ ಕೈ ಹಿಡಿದೇ ತಿದ್ದಿಸಿದೆ. ಆ ಅಂಗೈ ನೋಡಬೇಕಿತ್ತು. ಹೊಗೆಸೊಪ್ಪಿನ ಅಂಟು ಹಿಡಿದು ಗೆರೆಗಳೆಲ್ಲ ಕಪ್ಪು, ನಿಂಬೆಹುಳಿಗೂ ಹೋಗದು.

ಸೊಪ್ಪು ಮುರಿಯುವ ಕಾಲ ಬಂತು, ಅವಳು ಬರುವುದು ನಿಂತಿತು. ನಮ್ಮ ಕಡೆ ಟ್ಯೂಷನ್ ಹೇಳುವವರು ಮೊದಲು ಕಲಿಯಬೇಕಾದ ಪಾಠ ಇದು: ಬ್ಯಾರನ್ನಿನಲ್ಲಿ ಹೊಗೆ ಎದ್ದ ದಿನ ಪಡಸಾಲೆ ಖಾಲಿ. ಮೊದಮೊದಲು ಬೇಜಾರು ಮಾಡಿಕೊಳ್ಳುತ್ತಿದ್ದೆ. ಆ ವರ್ಷ ಅತ್ತೆ, "ಅವ್ಳು ಬರಕ್ಕಾಗ್ದಿದ್ರೆ ನೀನ್ ಹೋಗು. ಕಾಲಿಲ್ವಾ?" ಅಂದರು. ಮೇಲಧಿಕಾರಿಯ ಆರ್ಡರು. ಹೋದೆ. ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಹೆಂಗಸರೆಲ್ಲ ಕೂತು ಕಡ್ಡಿಗೆ ಸೊಪ್ಪು ಕಟ್ಟುವರು. ಗಿರಿಜೆ ಒಂದೊಂದು ಎಲೆಗೂ ಒಂದೊಂದು ಪದ ಹೇಳುವಳು. ಬರೆಯಲು ಕೈ ಬಿಡುವಿರಲಿಲ್ಲ, ಹಾಗಾಗಿ ಬಾಯಿಪಾಠವೇ. ವಾರ ಕಳೆಯುವಷ್ಟರಲ್ಲಿ ಪಕ್ಕದ ಹೆಂಗಸರಿಗೂ ‘ಮೈ ವಿಲೇಜ್’ ಪ್ರಬಂಧದ ಮೊದಲ ಸಾಲು ಬರುತ್ತಿತ್ತು.

ಆಗ ಬಂದದ್ದು ನಿಜವಾದ ತೊಡಕು. ಗಿರಿಜೆಯ ಮಾವ ಸಿದ್ದೇಗೌಡರು. ಕಣ್ಣಿಗೆ ಪೊರೆ ಬಂದಿದ್ದರೂ ಮನೆಯ ಬ್ಯಾರನ್ನಿನ ಮಾತು ಅವರದೇ. ಆ ಮನೆಯಲ್ಲಿ ಒಂದು ಪದ್ಧತಿ: ಒಲೆಗೆ ಬೆಂಕಿ ಇಟ್ಟವರೇ ಸೊಪ್ಪು ಒಣಗುವ ತನಕ ಸೌದೆ ಇಡಬೇಕು, ನಡುವೆ ಕೈ ಬದಲಾಯಿಸಬಾರದು. ಗಿರಿಜೆಯ ಕೈಗೆ ಬಣ್ಣ ಒಲಿದಿದೆ ಎಂದು ಅವರಿಗೆ ನಂಬಿಕೆ. ಮಗನಿಗೂ ಬಿಡದೆ ಅವಳಿಂದಲೇ ಬೆಂಕಿ ಇಡಿಸುತ್ತಿದ್ದರು. ಹಿಡಿದಿದ್ದ ಮಳೆ ಬಿಟ್ಟಿತು, ಸೊಪ್ಪು ಒಟ್ಟಿಗೇ ಮಾಗಿತು, ಮುರಿದು ಬ್ಯಾರನ್ನು ತುಂಬಿದರು. ಲೆಕ್ಕ ಹಾಕಿದರೆ ಎಲೆಗೆ ಬಣ್ಣ ಕಟ್ಟುವ ದಿನವೇ ಪಿರಿಯಾಪಟ್ಟಣದಲ್ಲಿ ಇಂಗ್ಲಿಷ್ ಪರೀಕ್ಷೆ.

"ಮುರಿದ ಸೊಪ್ಪು ಕಾಯಾಕಿಲ್ಲ ಕಣಮ್ಮ" ಅಂದರು ಸಿದ್ದೇಗೌಡರು. "ಪರೀಕ್ಸೆ ಬರೋ ವರ್ಸನೂ ಬತ್ತದೆ."

"ಕೆಲ್ಸ ಬರೋ ವರ್ಷ ಬರಲ್ಲ ಮಾವ" ಅಂದಳು ಗಿರಿಜೆ. ತಲೆ ಎತ್ತಲಿಲ್ಲ. ಅವಳು ಎಳೆಯುತ್ತಿದ್ದ ಹುರಿ ಪಟಕ್ಕನೆ ತುಂಡಾಯಿತು.

"ನಾನು ಕೂರ್ತೀನಿ" ಅಂದೆ. ಅಂದಮೇಲೆಯೇ ಏನು ಅಂದೆ ಎಂದು ನನಗೆ ತಿಳಿದದ್ದು.

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಟೀಚರಮ್ಮಂಗೆ ಗ್ಯಾಸೊಲೆ ಬುಟ್ರೆ ಬ್ಯಾರೆ ಒಲೆ ಗೊತ್ತಾ?" ಅಂದಳೊಬ್ಬಳು. ಸಿದ್ದೇಗೌಡರು ನಗಲಿಲ್ಲ. ಬೀಡಿಯನ್ನು ಬೆರಳಲ್ಲಿ ಉರುಳಿಸುತ್ತಾ, "ಗಿರಿಜಾ, ಇವ್ರು ನಿನ್ ಕೈ ಇಡ್ದು ಅಕ್ಸರ ತಿದ್ಸವ್ರಾ?" ಎಂದು ಕೇಳಿದರು.

"ಹೂಂ ಮಾವ."

"ಅಂಗಾರೆ ಅದು ಬ್ಯಾರೆ ಕೈ ಅಲ್ಲ. ಕೂತ್ಕಳ್ಳಿ ಬುಡು."

ಹೀಗೆ ಹತ್ತಿ ಸೀರೆಯುಟ್ಟು, ಸೆರಗು ಸಿಕ್ಕಿಸಿಕೊಂಡು, ಬುತ್ತಿ ಹಿಡಿದು ಆ ಬೆಳಿಗ್ಗೆ ಮೊದಲ ಬಸ್ಸು ಹತ್ತಿದೆ. ಗಿರಿಜೆ ಇಸ್ತ್ರಿ ಸೀರೆಯಲ್ಲಿ ತಯಾರಾಗಿ ನಿಂತಿದ್ದಳು. ಒಲೆಯ ಬಾಯಿಗೆ ಕುಂಕುಮ ಇಟ್ಟು, ನನ್ನ ಕೈಗೂ ಮುಟ್ಟಿಸಿ, ಬೆಂಕಿ ಕೆದಕುವ ಕಬ್ಬಿಣದ ಸಲಾಕೆ ಕೊಟ್ಟಳು. ಗೋಡೆಯಲ್ಲಿ ಅಂಗೈಯಗಲದ ಗಾಜು. ಅದರಾಚೆ ಥರ್ಮಾಮೀಟರು, ನಮ್ಮ ಅಂಗಡಿಯದೇ. ಅದರ ಮೇಲೆ ಉಗುರುಬಣ್ಣದಿಂದ ಕೆಂಪು ಚುಕ್ಕಿ ಇಟ್ಟಿದ್ದಳು.

"ಪಾದರಸ ಈ ಚುಕ್ಕಿ ದಾಟ್‌ಬಾರ್ದು ಮಿಸ್, ಬೋ ಕೆಳಕ್ಕೂ ಇಳೀಬಾರ್ದು. ಬಾಗ್ಲು ಮಾತ್ರ ದೇವ್ರು ಬಂದು ಕೇಳುದ್ರೂ ತೆಗೀಬೇಡಿ."

"ನೀನು ಮೊದ್ಲು ಪ್ರಶ್ನೆ ಪೂರ್ತಿ ಓದು. ಗೊತ್ತಿರೋದನ್ನ ಮೊದ್ಲು ಬರಿ" ಅಂದೆ. ಇಬ್ಬರೂ ಒಬ್ಬರಿಗೊಬ್ಬರು ಟೀಚರಾಗಿದ್ದೆವು.

ಅವಳು ಹೋದಮೇಲೆ ನಾನೂ ಸಿದ್ದೇಗೌಡರೂ ಇಬ್ಬರೇ. ಅವರಿಗೆ ಗಾಜಿನಾಚೆಯ ಗೆರೆ ಕಾಣದು. ಗೋಡೆಗೆ ಅಂಗೈ ಇಟ್ಟು, ಮೂಗೆಳೆದು ಹೇಳುವರು. ನನಗೆ ಗೋಡೆ ಬರೀ ಗೋಡೆ. ಪಾದರಸ ಓದಿ ಹೇಳುವೆ. ಇಬ್ಬರ ಲೆಕ್ಕವೂ ಸೇರಿದರೆ ಒಂದು ಕೊರಡು ಒಳಗೆ. ಹೊಗೆಗೆ ನನ್ನ ಕಣ್ಣಲ್ಲಿ ನೀರು ಧಾರೆ.

"ಅಲ್ಲಾ ಟೀಚರಮ್ಮ, ಬ್ಯಾರನ್ನು ಅಂದ್ರೆ ಇಂಗ್ಲೀಸಂತಲ್ಲ, ಗಿರಿಜ ಯೋಳುದ್ಲು. ಅವ್ರು ಇದ್ರಲ್ಲಿ ಯಾವ್ ಸೊಪ್ಪು ಬೇಯಿಸ್ತಿದ್ರು?"

"ಸೊಪ್ಪಲ್ಲ ಗೌಡ್ರೇ. ಕಾಳು ತುಂಬಿಡ್ತಿದ್ರು. ಬಾರ್ಲಿ ಅಂತ, ನಮ್ಮ ರಾಗಿ ಇದ್ದಂಗೆ. ನಮ್ಮಲ್ಲಿ ಕಣಜ ಅಂತೀವಲ್ಲ, ಹಾಗೆ."

ಸಿದ್ದೇಗೌಡರು ಒಲೆಯ ಕಡೆ ಮುಖ ತಿರುಗಿಸಿದರು. "ಒಟ್ಟೆಗೆ ಮಡಗೋ ಮನೇಲಿ ನಾವು ಒಗೆ ಮಡುಗುದ್ವಾ" ಅಂದರು. ನಾನು ಸಲಾಕೆಯಿಂದ ಕೆಂಡ ಸರಿಸಿದೆ.

ಮಧ್ಯಾಹ್ನದ ಹೊತ್ತಿಗೆ ವಾಸನೆ ಬದಲಾಯಿತು. ಅಲ್ಲಿಯವರೆಗೆ ಒದ್ದೆ ಹುಲ್ಲಿನಂತಿದ್ದದ್ದು ಈಗ ಪಾಕಕ್ಕೆ ಬಂದ ಬೆಲ್ಲದ ಹಾಗೆ. ಅಡುಗೆಮನೆಯಲ್ಲಿ ಬದುಕಿದವಳ ಮೂಗು ಇದು. ಇಂಥ ವಾಸನೆ ಬಂದರೆ ಕೈ ತಾನಾಗಿ ಮುಚ್ಚಳಕ್ಕೆ ಹೋಗುತ್ತದೆ. ಎದ್ದು ಹೋಗಿ ಬಾಗಿಲ ಅಗುಳಿಗೆ ಕೈ ಹಾಕಿದ್ದೆ. ಅಗುಳಿ ಕಿರ್ರೆಂದಿತು.

"ಅವ್ವಾ! ಅನ್ನ ಅಲ್ಲ ಕಣವ್ವಾ, ಮುಚ್ಚಳ ತೆಗ್ದು ನೋಡಾಕೆ!"

ಕೆಂಡ ಮುಟ್ಟಿದವಳಂತೆ ಕೈ ತೆಗೆದೆ. ಗಾಜಿಗೆ ಮುಖ ಒತ್ತಿ ನೋಡಿದರೆ ಪಾದರಸ ಕೆಂಪು ಚುಕ್ಕಿಯನ್ನು ದಾಟಿ ಕೂತಿತ್ತು. "ಮೇಲೋಗಿದೆ ಗೌಡ್ರೇ!" "ಕೊಳ್ಳಿ ಎಳೀರಿ, ದೊಡ್ದು, ದೊಡ್ದು ಎಳೀರಿ!" ಉರಿಯುವ ಕೊರಡನ್ನು ಸಲಾಕೆಯಲ್ಲಿ ಎಳೆದು ಮಣ್ಣಿಗೆ ಹಾಕಿದೆ. ಸಿದ್ದೇಗೌಡರು ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ ಜ್ವರದ ಮಗುವನ್ನು ನೋಡುವ ಹಾಗೆ ನಿಂತರು. ಪಾದರಸ ಹಟ ಮಾಡಿ ಮಾಡಿ, ಕಡೆಗೆ ಚುಕ್ಕಿಗಿಂತ ಕೆಳಗೆ ಬಂತು. "ತಣ್ಣಗಾದ ಬುಡಿ" ಅಂದರು, ಬ್ಯಾರನ್ನು ಒಬ್ಬ ಮನುಷ್ಯ ಅನ್ನುವ ಹಾಗೆ.

ಬಿಸಿಲು ಇಳಿಯುವಾಗ ಗಿರಿಜೆ ರಸ್ತೆಯಿಂದ ಹೆಚ್ಚುಕಡಿಮೆ ಓಡಿಕೊಂಡೇ ಬಂದಳು. ಪರೀಕ್ಷೆಯ ಮಾತಿಲ್ಲ. ಗೋಡೆ ಮುಟ್ಟಿದಳು, ಗಾಜಿನಲ್ಲಿ ಇಣುಕಿದಳು, ನನ್ನ ಕೈಯಿಂದ ಸಲಾಕೆ ಇಸಿದುಕೊಂಡಳು. ಆಮೇಲೆ ಉಸಿರು ಬಿಟ್ಟು, "ಬರ್ದೆ ಮಿಸ್" ಅಂದಳು.

"ಪ್ರಬಂಧ ಯಾವುದು?"

"ಮೈ ವಿಲೇಜೇ ಬಂದಿತ್ತು. ನೀವು ಹೇಳ್ಕೊಟ್ಟ ದೇವಸ್ಥಾನ, ನದಿ ಎಲ್ಲಾ ಮರ್ತೋಯ್ತು. ಪೂರ್ತಿ ಬ್ಯಾರನ್ ಬಗ್ಗೇನೇ ಬರ್ದುಬುಟ್ಟೆ. ಕೊನೇಲಿ, ‘ಪ್ಲೀಸ್ ಡು ನಾಟ್ ಓಪನ್ ದ ಡೋರ್’ ಅಂತ."

"ಅಯ್ಯೋ ದೇವರೇ" ಅಂದೆ. ಸಿದ್ದೇಗೌಡರು ಮಾತ್ರ, "ಸರ್ಯಾಗೇ ಬರ್ದವ್ಳೆ" ಅಂದರು.

ಫಲಿತಾಂಶ ಬಂದದ್ದು ಎಷ್ಟೋ ದಿನದ ಮೇಲೆ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಪಾಸು. ದಡಕ್ಕೆ ಕೈ ತಾಗಿದಷ್ಟೇ, ಆದರೆ ದಡ ದಡವೇ. ಆ ಪೇಪರು ತಿದ್ದಿದವರು ಯಾರೋ, ಎಲ್ಲಿದ್ದಾರೋ; ಅವರಿಗೂ ಬ್ಯಾರನ್ನು ಗೊತ್ತಿತ್ತೆಂದೇ ನನ್ನ ನಂಬಿಕೆ. ಗಿರಿಜೆ ಅಂಗನವಾಡಿ ಟೀಚರಾದಳು. ಸೊಪ್ಪೂ ನಿಂಬೆಹಳದಿಗೆ ಬಂತು, ಪೈಪಿಗೆ ಹತ್ತಿರದ ಕೆಳಗಿನ ಒಂದು ಸಾಲು ಬಿಟ್ಟು, ಅದು ಕೆಂಪಾಗಿತ್ತು. ಸಿದ್ದೇಗೌಡರು ಅದನ್ನು ಬೇರೆ ಕಟ್ಟಿಟ್ಟು, ಬಂದವರಿಗೆಲ್ಲ "ಇದು ಟೀಚರಮ್ಮನ ಸಾಲು" ಎಂದು ತೋರಿಸಿದರಂತೆ.

ಇನ್ನೂ ಕೆಲವು ವರ್ಷಗಳಾದ ಮೇಲೆ, ಸೌದೆ ಸಿಗುವುದು ಕಷ್ಟವಾಗಿ, ಅವರು ಹೊಗೆಸೊಪ್ಪು ಬೆಳೆಯುವುದನ್ನೇ ಬಿಟ್ಟರು. ಗಿರಿಜೆ ಕರೆದಳೆಂದು ಹೋಗಿದ್ದೆ. ಒಲೆಯ ಬಾಯಿಗೆ ಇಟ್ಟಿಗೆ ಕಟ್ಟಿ ಸಾರಿಸಿ, ಮೇಲೆ ರಂಗೋಲಿ ಬಿಟ್ಟಿದ್ದರು. ಅಂದು ಮುಟ್ಟಬಾರದಾಗಿದ್ದ ಅಗುಳಿಯನ್ನು ಗಿರಿಜೆ ನನ್ನ ಕೈಯಲ್ಲೇ ತೆಗೆಸಿದಳು. ಒಳಗೆ ಹಳೆಯ ಹೊಗೆಯ ವಾಸನೆ ಇನ್ನೂ ಇತ್ತು. ಗೋಡೆಯ ಎತ್ತರಕ್ಕೆ ರಾಗಿ ಮೂಟೆ. ಸಿದ್ದೇಗೌಡರು ಕೋಲೂರಿಕೊಂಡು ಬಂದು, ಕಾಣದ ಕಣ್ಣಲ್ಲೇ ಒಂದು ಮೂಟೆ ತಟ್ಟಿ, "ನಿಮ್ ಪುಸ್ತಕದಾಗೆ ಇದ್ದಂಗೇ ಮಾಡಿವ್ನಿ, ನೋಡ್ಕಳಿ" ಅಂದರು. ಸಾವಿರ ವರ್ಷ ಊರೂರು ಅಲೆದ ಪದ ಹಾರನಹಳ್ಳಿ ಹೋಬಳಿಗೆ ಬಂದು ತನ್ನ ತವರಿನ ಅರ್ಥ ಸೇರಿಕೊಂಡಿತ್ತು. ಮಗುವಿಗೆ ಒಂದು ಪದ ಕಲಿಸುವಾಗ, ನಾಳೆ ಅದಕ್ಕೆ ಏನು ತುಂಬುತ್ತಾರೋ ನಮಗೆ ತಿಳಿಯದು, ಹುಡುಗಿಯರೇ. ಬಾಗಿಲು ಎಲ್ಲಿದೆ ಎಂದು ತೋರಿಸಿದರೆ ಸಾಕು.

ಪರೀಕ್ಷೆಯ ಆ ಸಂಜೆ ನಾನು ಮನೆ ಮುಟ್ಟಿದಾಗ ಅತ್ತೆ ದೀಪ ಹಚ್ಚಿಯಾಗಿತ್ತು. ಕಾಲು ತೊಳೆಯುವಷ್ಟೂ ತ್ರಾಣವಿಲ್ಲದೆ, ಬೀದಿ ಬಾಗಿಲನ್ನು ಹಾರೊಡೆದಂತೆಯೇ ಬಿಟ್ಟು ಪಡಸಾಲೆಯ ಕಂಬಕ್ಕೆ ಒರಗಿ ಕೂತೆ. ಸೀರೆಯ ಅಂಚಿನಲ್ಲಿ ಕಿಡಿ ಹಾರಿ ಸಣ್ಣ ಸಣ್ಣ ತೂತು. ಅತ್ತೆ ನನ್ನ ಮುಖ ನೋಡಿದರು, ತೂತು ನೋಡಿದರು, "ವಾಯ್ಲು ಉಳೀತು" ಎಂದಷ್ಟೇ ಹೇಳಿ ಕಾಫಿ ತರಲು ಎದ್ದರು. ಗಿರಿಜೆ ಬರೆದದ್ದು ಸರಿಯಾಯಿತೋ ಇಲ್ಲವೋ ಆಗ ನಮಗೆ ಯಾರಿಗೂ ತಿಳಿಯದು. ಅಷ್ಟರಲ್ಲಿ ಪುಟ್ಟಲಕ್ಷ್ಮಮ್ಮನವರು, ಹಿತ್ತಿಲಿಂದ ಬರುವವರು ಅವತ್ತು ತೆರೆದ ಬೀದಿ ಬಾಗಿಲಿನಿಂದಲೇ ನೆಟ್ಟಗೆ ಒಳಗೆ ಬಂದು, ಕರಿಬೇವಿನ ಮಾತೆತ್ತುವ ಮೊದಲೇ ಮೂಗರಳಿಸಿ ನಿಂತರು.

"ಅಯ್, ಬಾಗ್ಲು ಆರೊಡ್ದು ಕೂತಿದ್ದೀರಲ್ಲ ಟೀಚರಮ್ಮ! ಅದೇನ್ ಒಗೆ ವಾಸ್ನೆ ಕಣ್ರೀ ನಿಮ್ ಮೈಯಲ್ಲಿ, ಬ್ಯಾರನ್ನಲ್ಲೇ ಉಟ್ಟಿ ಬೆಳ್ದೋರಂಗೆ!"